ಮೂರು ಮಾರು ಟೇಪು

ಹೋದ ವಾರ ನನ್ನ ಸೊಸೆ ಶಾಲಿನಿ ಅಟ್ಟ ಗುಡಿಸಲು ಹತ್ತಿದವಳು ಬಿಸ್ಕಿಟಿನದೊಂದು ಹಳೇ ತಗಡಿನ ಡಬ್ಬಿ ಹಿಡಿದುಕೊಂಡು ಇಳಿದಳು. ಮುಚ್ಚಳ ತೆಗೆದದ್ದೇ ತಡ, ಮನೆಯೆಲ್ಲ ಹುಳಿ ವಾಸನೆ. ಮೂಗಿಗೆ ಸೆರಗು ಹಿಡಿದು, "ಮಾವ, ಇದ್ರಲ್ಲಿ ಎಂತ ಉಪ್ಪಿನಕಾಯಿ ಹಾಕಿಟ್ಟಿದ್ರಿ?" ಎಂದು ಕೇಳಿದಳು. ಉಪ್ಪಿನಕಾಯಿಯಲ್ಲ. ಒಳಗಿದ್ದದ್ದು ಕಂದು ಬಣ್ಣದ ಒಂದು ಪಟ್ಟಿ. ಹೆಣ್ಣುಮಕ್ಕಳ ಜಡೆಯ ರಿಬ್ಬನ್ನಿಗಿಂತ ಕಿರಿದು, ಬಳೆಯ ಹಾಗೆ ಸುತ್ತಿಟ್ಟದ್ದು. ರೇಡಿಯೊ ಕೇಂದ್ರದಲ್ಲಿ ಧ್ವನಿ ಹಿಡಿದಿಡುತ್ತಿದ್ದ ಟೇಪಿನ ಒಂದು ತುಂಡು. ಹಳತಾದರೆ ಈ ಟೇಪು ಹೀಗೆ ಹುಳಿ ನಾರುತ್ತದೆಯಂತೆ. ಉದ್ದ ಸರಿಯಾಗಿ ಮೂರು ಮಾರು. ಅದನ್ನು ಅಳೆದವನು ನಾನಲ್ಲ. ಅಳೆದವರ ಮಾತು ಮುಂದೆ ಬರುತ್ತದೆ.

ರೇಡಿಯೊದ ಕಾಲ ಎಷ್ಟು ಚೆನ್ನಾಗಿತ್ತು ಎಂದು ಯಾರಾದರೂ ಕಣ್ಣು ಅರೆಮುಚ್ಚಿ ಹೇಳತೊಡಗಿದರೆ ನನಗೆ ಮೈ ಉರಿಯುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಕೂತು ಇದೇ ವಿಷಯಕ್ಕೆ ಜಗಳ ಮಾಡಿ ಹೋಳಿಗೆ ಬಿಟ್ಟು ಎದ್ದವನು ನಾನು. ಮಗ ಅಂದಿನಿಂದ ನನ್ನನ್ನು ಮದುವೆಗೆ ಕರೆದುಕೊಂಡು ಹೋಗುವಾಗ ರೇಡಿಯೊ ಸುದ್ದಿ ಎತ್ತಬೇಡಿ ಎಂದು ದಾರಿಯಲ್ಲೇ ಹೇಳಿಬಿಡುತ್ತಾನೆ. ನೀವೂ ರೇಡಿಯೊದ ಅಭಿಮಾನಿಗಳಾಗಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಮೊದಲು ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ಅರವತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ಮೂರು ವರ್ಷ. ನನ್ನ ಊರು ಘಟ್ಟದ ಬುಡದ ಕತಗಾಲ. ಮಾವಳ್ಳಿಯ ಕಡಲ ಕೇರಿಗೆ ಶಾಲೆ ಮಾಸ್ತರನಾಗಿ ಬರುವವರೆಗೆ ನಾನು ಸಮುದ್ರವನ್ನು ದೂರದಿಂದ ಎರಡೇ ಸಲ ಕಂಡಿದ್ದೆ. ಮೀನು ತಿನ್ನದ ಮನೆಯವನು. ಬಂದ ಮೊದಲ ತಿಂಗಳು ವಾಸನೆ ತಡೆಯಲಾರದೆ ಕಿಸೆಯಲ್ಲಿ ಲಿಂಬೆಹಣ್ಣು ಇಟ್ಟುಕೊಂಡು ಓಡಾಡುತ್ತಿದ್ದೆ. ಮಕ್ಕಳಿಗೆ ಅದು ಗೊತ್ತಾಗಿ ದಿನಾ ಒಬ್ಬೊಬ್ಬರು ಒಂದೊಂದು ಲಿಂಬೆಹಣ್ಣು ತಂದು ಮೇಜಿನ ಮೇಲೆ ಇಡತೊಡಗಿದರು. ನಾಚಿಕೆಯಾಗಿ ಆ ಚಾಳಿ ಬಿಟ್ಟೆ.

ಆಗ ಅಲ್ಲಿ ಮೀನು ಹಿಡಿಯುತ್ತಿದ್ದದ್ದು ರಂಪಣಿ ಬಲೆಯಲ್ಲಿ. ಈಗಿನವರು ನೋಡಿರಲಿಕ್ಕಿಲ್ಲ. ಫರ್ಲಾಂಗುಗಟ್ಟಲೆ ಉದ್ದದ ಬಲೆ. ದೋಣಿಯಲ್ಲಿ ಹೋಗಿ ಮೀನಿನ ಹಿಂಡಿನ ಸುತ್ತ ಬಲೆ ಬಿಟ್ಟುಕೊಂಡು ಬಂದು, ಅದರ ಎರಡು ತುದಿಯ ಹಗ್ಗಗಳನ್ನು ದಂಡೆಯಿಂದ ಎಳೆಯಬೇಕು. ಹತ್ತಿಪ್ಪತ್ತು ಜನರಿಂದ ಆಗುವ ಕೆಲಸವಲ್ಲ, ಇಡೀ ಕೇರಿ ಬೇಕು. ಹಾಗಾಗಿ ಎಲ್ಲವೂ ನಿಂತದ್ದು ಒಬ್ಬ ಮನುಷ್ಯನ ಗಂಟಲಿನ ಮೇಲೆ. ಅವರು ಬಲೆಯ ಯಜಮಾನರು, ಜಟ್ಟಿ ತಾಂಡೇಲರು. ದಂಡೆಯ ಬಂಡೆ ಹತ್ತಿ ನಿಂತು ನೀರಿನ ಬಣ್ಣ ನೋಡುವರು. ಬಂಗಡೆ ಮೀನಿನ ಹಿಂಡು ಬಂದರೆ ನೀರು ಒಂದು ಕಡೆ ಕಪ್ಪಗಾಗುತ್ತದಂತೆ. ನಾನು ಎಷ್ಟು ದಿನ ಪಕ್ಕದಲ್ಲಿ ನಿಂತು ನೋಡಿದರೂ ನನಗೆ ಬರೀ ನೀರು ಕಂಡಿತು. ಹಿಂಡು ಕಂಡೊಡನೆ ತಾಂಡೇಲರು ಒಂದು ಕೂಗು ಹಾಕುತ್ತಿದ್ದರು. ಉದ್ದಕ್ಕೆ ಎಳೆದ ಒಂದು "ಹೋ", ಅದರ ಬೆನ್ನಿಗೆ "ಬನ್ರೋ, ಹಗ್ಗ ಹಿಡೀರೋ". ಅಷ್ಟೇ. ಗದ್ದೆಯಲ್ಲಿದ್ದವರು ಗದ್ದೆಯಿಂದ, ಒಲೆಯ ಮುಂದಿದ್ದವರು ಒಲೆಯಿಂದ ಎದ್ದು ಓಡುತ್ತಿದ್ದರು.

ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಮೀನಿನಲ್ಲಿ ಪಾಲು. ಗಂಡ ಸತ್ತವಳಿರಲಿ, ಕುಂಟನಿರಲಿ, ದಾರಿಯಲ್ಲಿ ಹೋಗುತ್ತಿದ್ದವನಿರಲಿ, ಮುಟ್ಟಿದರೆ ಪಾಲು. ಒಮ್ಮೆ ಉಮೇದಿನಲ್ಲಿ ನಾನೂ ಎಳೆದೆ. ಸಂಜೆ ಆರು ಬಂಗಡೆಗಳನ್ನು ಎಲೆಯಲ್ಲಿ ಕಟ್ಟಿ ನನ್ನ ಜಗಲಿಯ ಮೇಲೆ ಇಟ್ಟುಹೋಗಿದ್ದರು. ನಾನು ತಿನ್ನುವವನಲ್ಲ ಎಂದು ಇಡೀ ಕೇರಿಗೆ ಗೊತ್ತು. ಯಾರಿಗಾದರೂ ಕೊಟ್ಟುಬಿಡಿ, ಆದರೆ ಪಾಲು ನಿಮ್ಮದೇ ಎಂದರು. ಅಂಥ ಕಡೆ ಆ ಕೂಗು ಸುಳ್ಳಾಗುವುದೆಂದರೆ ಏನು ಎಂದು ನೀವೇ ಯೋಚಿಸಿ. ತಾಂಡೇಲರು ತಮ್ಮ ಮನೆಯ ಮಾಡಿಗೆ ಬೆಂಕಿ ಬಿದ್ದ ದಿನವೂ ಆ ಕೂಗು ಕೂಗಿರಲಿಲ್ಲವಂತೆ. ಅವತ್ತು ಬೇರೆಯವರ ಹಾಗೆ ಬೊಬ್ಬೆ ಹಾಕಿದ್ದರು, ಅಷ್ಟೇ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಘಟ್ಟದ ಮೇಲಿನ ಒಂದು ರೇಡಿಯೊ ಕೇಂದ್ರದಿಂದ ಇಬ್ಬರು ಜೀಪಿನಲ್ಲಿ ಬಂದರು. ಒಬ್ಬರು ಕಪ್ಪು ಕನ್ನಡಕದ ಅಧಿಕಾರಿ, ಇನ್ನೊಬ್ಬ ಯಂತ್ರ ನೋಡಿಕೊಳ್ಳುವವನು. ಯಂತ್ರವೆಂದರೆ ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ. ಮೇಲೆ ಎರಡು ಚಕ್ರ, ಒಂದರಿಂದ ಇನ್ನೊಂದಕ್ಕೆ ಓಡುವ ಟೇಪು. ಹೆಂಗಸರ ಹಾಡು ಬೇಕು ಎಂದರು. ಹೆಂಗಸರು ಹಾಡಿದರು. ಅಧಿಕಾರಿ ಆಕಳಿಸಿದರು. ಅವರ ಆಕಳಿಕೆ ನೋಡಿ ನನಗೆ ನನ್ನ ಊರಿನ ಮಾನವೇ ಹೋಯಿತು ಅನಿಸಿತು. ನನ್ನ ಊರು! ಬಂದು ಎರಡು ವರ್ಷವಾಗಿರಲಿಲ್ಲ. ಸುಮ್ಮನಿರಲಾರದೆ, ನಮ್ಮ ತಾಂಡೇಲರ ಕೂಗು ಕೇಳಿದರೆ ನೀವು ಎದ್ದು ಕೂರುತ್ತೀರಿ ಎಂದೆ. ಅಧಿಕಾರಿ ಆಗಲೇ ಎದ್ದು ಕೂತರು.

ತಾಂಡೇಲರು ಒಪ್ಪಲಿಲ್ಲ. "ಮೀನು ನೀರಲ್ಲಿಲ್ದೆ ನಾ ಕೂಗೂದಿಲ್ಲ, ಮಾಸ್ತರ್ರೆ" ಎಂದು ಬಲೆಯ ಹರಕು ಹೊಲಿಯುತ್ತ ಕೂತರು. ಅಧಿಕಾರಿ ಭಟ್ಕಳದ ಬಂಗಲೆಯಲ್ಲಿ ಉಳಿದುಕೊಂಡು, ನಾಳೆ ಹನ್ನೊಂದರೊಳಗೆ ಒಪ್ಪಿಸಿ ಎಂದು ನನಗೆ ವಹಿಸಿಹೋದರು. ಸರಕಾರದ ಕೆಲಸವೆಂದು ನಾನು ಬೀಗಿದೆ. ಸಂಜೆ ಹೋಗಿ ತಾಂಡೇಲರ ಅಂಗಳದಲ್ಲಿ ಕೂತು, ಎಷ್ಟು ವರ್ಷವಾದರೂ ನಿಮ್ಮ ಧ್ವನಿ ಉಳಿಯುತ್ತದೆ, ನಿಮ್ಮ ಮೊಮ್ಮಕ್ಕಳು ಕೇಳುತ್ತಾರೆ ಎಂದೆಲ್ಲ ಹೇಳಿದೆ. ಅವರು ಕಡೆಗೆ ಒಪ್ಪಿದರು, ಕರಾರಿನ ಮೇಲೆ. ನಾಳಿನ ಕೂಗು ಮೀನಿಗಲ್ಲ ಎಂದು ಮನೆಮನೆಗೆ ಹೋಗಿ ಮೊದಲೇ ಹೇಳಬೇಕು. "ಮತ್ತೆ ಆ ಯಂತ್ರಕ್ಕೂ ಮೊದಲೇ ನಾ ಹೇಳ್ತೆ. ಹೇಳಿಯೇ ಕೂಗೂದು" ಎಂದರು. ಯಂತ್ರಕ್ಕೆ ಹೇಳುವುದು ಎಂಬುದನ್ನು ಕೇಳಿ ನನಗೆ ನಗು ಬಂತು. ನಗಲಿಲ್ಲ, ಆದರೆ ಬಂತು.

ಬೆಳಿಗ್ಗೆ ನಾವಿಬ್ಬರೂ ಮನೆಮನೆಗೆ ಹೋಗಿ ಹೇಳಿದೆವು. ಒಂದು ಮನೆಯನ್ನೂ ಬಿಡಲಿಲ್ಲ. ಕಿವಿ ಕೇಳದ ಒಬ್ಬ ಮುದುಕಿಗೂ ತಾಂಡೇಲರು ಕೈಸನ್ನೆ ಮಾಡಿ ತಿಳಿಸಿದರು. ಪಕ್ಕದ ಕೇರಿಯಿಂದ ಯಾರಾದರೂ ಓಡಿಬಂದರೆ ತಡೆಯುವುದಕ್ಕೆ ನನ್ನನ್ನು ಗಾಳಿಮರಗಳ ಆಚೆ, ಓಣಿಯ ತುದಿಯಲ್ಲಿ ನಿಲ್ಲಿಸಿದರು. ಹಾಗಾಗಿ ಅವರು ಯಂತ್ರಕ್ಕೆ ಏನು ಹೇಳಿದರೋ ನನಗೆ ಕೇಳಲಿಲ್ಲ. ಕೂಗು ಮಾತ್ರ ಕೇಳಿತು. ಗೊತ್ತಿದ್ದೂ ನನ್ನ ಕಾಲು ದಂಡೆಯ ಕಡೆಗೆ ಎರಡು ಹೆಜ್ಜೆ ಇಟ್ಟಿತು.

ಮೀನಿಗಲ್ಲ, ಯಾರೂ ಬರುವುದು ಬೇಡ ಎಂದು ಮೊದಲೇ ಹೇಳಿ ಕೂಗಿದೆ ಎಂದು ತಾಂಡೇಲರು ಆಮೇಲೆ ನನಗೆ ತಿಳಿಸಿದರು. ಅಧಿಕಾರಿ, ಬಹಳ ಚೆನ್ನಾಗಿ ಬಂದಿದೆ, ಹೀಗೇ ಪ್ರಸಾರ ಮಾಡುತ್ತೇವೆ ಎಂದರು. ಹೀಗೇ ಎಂದರು. ಆ ಶಬ್ದ ನನ್ನ ಕಿವಿಯಲ್ಲಿ ಇನ್ನೂ ಇದೆ. ಎಳನೀರು ಕುಡಿದು ಹೋದರು.

ಪಂಚಾಯ್ತಿಗೆ ಸರಕಾರದಿಂದ ಬಂದ ಒಂದು ರೇಡಿಯೊ ಇತ್ತು. ಬ್ಯಾಟರಿಯದು. ಊರವರೆಲ್ಲ ಕೇಳಲಿ ಎಂದು ಹೊರಗೆ ಕಂಬಕ್ಕೆ ದೊಡ್ಡ ಸ್ಪೀಕರು. ರೇಡಿಯೊದ ಕಪಾಟಿನ ಕೀಲಿಕೈ ಇದ್ದದ್ದು ನನ್ನ ಜನಿವಾರದಲ್ಲಿ. ಒಂದೂವರೆ ತಿಂಗಳ ಮೇಲೆ ಕೇಂದ್ರದಿಂದ ನನಗೊಂದು ಕಾರ್ಡು ಬಂತು: ಮುಂದಿನ ಗುರುವಾರ ಸಂಜೆ ಗ್ರಾಮಸ್ಥರ ಕಾರ್ಯಕ್ರಮದಲ್ಲಿ ಕೂಗು ಪ್ರಸಾರವಾಗುತ್ತದೆ ಎಂದು. ಓದಿ ಕಿಸೆಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಇದ್ದಕ್ಕಿದ್ದಂತೆ ಕೇಳಿ ಎಲ್ಲರೂ ದಂಗಾಗಲಿ, ಇದೆಲ್ಲ ಮಾಸ್ತರ ಮಾಡಿಸಿದ್ದು ಎಂದು ಹೊಗಳಲಿ ಎಂಬ ಆಸೆ. ಹೇಗೂ ತಾಂಡೇಲರ ಮಾತು ಮೊದಲು ಬರುತ್ತದಲ್ಲ! ಈ ಕಾರ್ಡಿನ ಸುದ್ದಿಯನ್ನು ಮೊನ್ನೆಯವರೆಗೂ ನಾನು ಯಾರಿಗೂ ಹೇಳಿದವನಲ್ಲ. ಹೆಂಡತಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಗುರುವಾರ ಸಂಜೆ ಸ್ಪೀಕರನ್ನು ಕಡಲ ಕಡೆಗೆ ತಿರುಗಿಸಿ, ಧ್ವನಿಯ ಗುಂಡಿಯನ್ನು ಕಡೆಯವರೆಗೂ ತಿರುವಿ ಕೂತೆ. ಹೊತ್ತು ಮುಳುಗುವುದಿತ್ತು. ಯಾರೋ ಭತ್ತದ ಕೀಟದ ಬಗ್ಗೆ ಮಾತಾಡುತ್ತಿದ್ದರು. ಮಾತು ಮುಗಿಯಿತು. ಮರುಗಳಿಗೆ, ಒಂದು ಸೂಚನೆಯಿಲ್ಲ, ಒಂದು ಪೀಠಿಕೆಯಿಲ್ಲ, ಜಟ್ಟಿ ತಾಂಡೇಲರ "ಹೋ" ಕಂಬದ ಮೇಲಿಂದ ಹೊರಟು ಕೇರಿಯ ಮೇಲೆಲ್ಲ ಹೋಯಿತು.

ಜನ ಓಡಿದರು. ಅನ್ನದ ತಪ್ಪಲೆ ಒಲೆಯ ಮೇಲೆ, ತೊಟ್ಟಿಲಲ್ಲಿ ಮಗು, ಹಾಲು ಕರೆಯುತ್ತಿದ್ದ ಎಮ್ಮೆ, ಎಲ್ಲ ಬಿಟ್ಟು ಓಡಿದರು. ಪಕ್ಕದ ಕೇರಿಯವರು ಒಂದು ಮೈಲಿ ಓಡಿಬಂದರು. ಹುಡುಗರು ದೋಣಿಯನ್ನು ನೀರಿಗೆ ತಳ್ಳಿಯೇಬಿಟ್ಟಿದ್ದರು. ನಾನು ರೇಡಿಯೊ ಆರಿಸಿ, ಅಲ್ಲ ಅಲ್ಲ ಎಂದು ಅರಚುತ್ತ ಅವರ ಹಿಂದೆ ಓಡಿದೆ. ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಗಂಜಿ ಉಣ್ಣುತ್ತಿದ್ದ ಎಂಜಲು ಕೈಯಲ್ಲೇ ತಾಂಡೇಲರೂ ಓಡಿಬಂದಿದ್ದರು. ತನ್ನ ಕೂಗನ್ನು ಬೇರೆ ಯಾರೋ ಕೂಗಿದರು, ತನಗೆ ಕಾಣದ ಮೀನು ಬೇರೆ ಯಾರಿಗೋ ಕಂಡಿತು ಎಂದು ತಿಳಿದು ಬಂಡೆಯ ಮೇಲೆ ನಿಂತು ನೀರು ನೋಡುತ್ತಿದ್ದರು. ಎಲ್ಲರೂ ಅವರ ಮುಖ ನೋಡುತ್ತಿದ್ದರು. ನೀರಿನಲ್ಲಿ ಏನೂ ಇರಲಿಲ್ಲ.

ಸಂಗತಿ ತಿಳಿದ ಮೇಲೆ ಮೊದಲು ನಕ್ಕರು. ಮನೆಗೆ ಹೋಗಿ ಸೀದ ಅನ್ನ ನೋಡಿದ ಮೇಲೆ ನಗು ಹೋಯಿತು. ಎಂಟು ದಿನ ಕಳೆದ ಮೇಲೆ ಮಟಮಟ ಮಧ್ಯಾಹ್ನ ನಿಜವಾದ ಹಿಂಡು ಬಂತು. ಆ ವರ್ಷದ ದೊಡ್ಡ ಹಿಂಡು. ತಾಂಡೇಲರು ಕೂಗಿದರು. ನಾನು ಶಾಲೆಯ ಕಿಟಕಿಯಿಂದ ನೋಡಿದೆ: ಜನ ಮನೆಯಿಂದ ಹೊರಬಂದು ಮೊದಲು ಪಂಚಾಯ್ತಿ ಕಂಬದ ಕಡೆ ತಿರುಗಿದರು. ರೇಡಿಯೊ ಹಚ್ಚಿದೆಯೋ ಇಲ್ಲವೋ ಎಂದು ಒಬ್ಬರನ್ನೊಬ್ಬರು ಕೇಳಿದರು. ಅವರು ಕೇಳಿಕೊಂಡು ದಂಡೆಗೆ ಬರುವಷ್ಟರಲ್ಲಿ ಹಗ್ಗದ ಮೇಲೆ ಬೇಕಾದಷ್ಟು ಕೈ ಇರಲಿಲ್ಲ. ಒಂದು ಬದಿ ಜಗ್ಗಿತು, ಇನ್ನೊಂದು ಬದಿ ನಿಂತಿತು, ಬಲೆಯ ಅಡಿ ನೆಲ ಬಿಟ್ಟು ಎದ್ದಿತು. ಹಿಂಡು ಅಡಿಯಿಂದಲೇ ಹೋಯಿತು. ಬಲೆ ಮೂರು ಕಡೆ ಹರಿಯಿತು.

ಬಲೆಯ ಪಾಲುದಾರರು ಕೂಡಿ ಕೂತು, ಇನ್ನು ಮೇಲೆ ಕೂಗು ಬೇರೆಯವರದ್ದಾಗಲಿ ಎಂದು ತೀರ್ಮಾನ ಮಾಡಿದರು. ತಾಂಡೇಲರ ಮೇಲೆ ಸಿಟ್ಟಿನಿಂದಲ್ಲ. ಆ ಧ್ವನಿ ಕೇಳಿದರೆ ಜನ ನಿಂತು ಯೋಚಿಸುತ್ತಾರೆ, ಯೋಚಿಸಿದರೆ ಮೀನು ಹೋಗುತ್ತದೆ, ಅಷ್ಟೇ ಲೆಕ್ಕ. ಆ ಸಭೆಯಲ್ಲಿ ನಾನು ಎದ್ದು, ತಾಂಡೇಲರದು ತಪ್ಪಿಲ್ಲ, ಅವರ ಮಾತನ್ನು ರೇಡಿಯೊದವರು ನುಂಗಿದ್ದಾರೆ ಎಂದು ಕೂಗಾಡಿದೆ. ತಾಂಡೇಲರು ನನ್ನ ಕಡೆ ಒಂದು ಸಲ ನೋಡಿ, "ಆತು, ಬಿಡಿ" ಎಂದರು. ಮೂವತ್ತು ವರ್ಷ ಕೂಗಿದ ಮನುಷ್ಯ ಮರುದಿನದಿಂದ ಎಲ್ಲರ ನಡುವೆ ನಿಂತು ಹಗ್ಗ ಎಳೆಯತೊಡಗಿದರು. ಆಮೇಲೆ ಅವರು ಧ್ವನಿ ಎತ್ತಿದ್ದನ್ನು ನಾನು ಕೇಳಲಿಲ್ಲ. ಓಣಿಯ ಆಚೆ ಇರುವವರನ್ನು ಕರೆಯಬೇಕಾದರೂ ನಡೆದು ಹೋಗಿ ಹತ್ತಿರದಿಂದ ಮಾತಾಡಿಸುತ್ತಿದ್ದರು.

ನನ್ನ ನೆತ್ತರು ಕುದಿಯಿತು. ರಜೆ ಹಾಕಿ ಹೊರಟೆ. ಹೊನ್ನಾವರದಲ್ಲಿ ಹೊಳೆ ದಾಟಿ, ಕುಮಟೆಯಲ್ಲಿ ಬಸ್ಸು ಬದಲಿಸಿ, ನನ್ನ ಕತಗಾಲದ ಮೇಲೇ ಹಾದು, ಮನೆಗೂ ಇಳಿಯದೆ ಘಟ್ಟ ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ತಾಲೀಮು ಮಾಡಿದ್ದೆ. ಕೇಂದ್ರದ ತಣ್ಣನೆಯ ಕೋಣೆಯಲ್ಲಿ ಕನ್ನಡಕದ ಅಧಿಕಾರಿ ಚಹಾ ತರಿಸಿದರು, ಆ ಚಹಾ ಕುಡಿದದ್ದು ನನ್ನ ಮೊದಲ ಸೋಲು. ಅವರಿಗೆ ತಾಂಡೇಲರ ಹೆಸರೂ ನೆನಪಿರಲಿಲ್ಲ. ಆ ಮುದುಕ ಶುರುವಿನಲ್ಲಿ ಏನೋ ಗೊಣಗಿದ್ದ, ಕೂಗಿನ ಅಂದ ಕೆಡುತ್ತಿತ್ತು, ಕತ್ತರಿಸಿದೆವು ಎಂದರು. ಕೇಳುಗರಿಗೆ ನೇರವಾಗಿ ತಟ್ಟಬೇಕು ನೋಡಿ ಎಂದು ನನಗೇ ಪಾಠ ಹೇಳಿದರು. ತಟ್ಟಿತು ಸ್ವಾಮಿ, ತೊಟ್ಟಿಲಲ್ಲಿ ಮಗು ಬಿಟ್ಟು ಓಡುವಷ್ಟು ತಟ್ಟಿತು ಎಂದೆ. ಅವರಿಗೆ ಅದು ಹೊಗಳಿಕೆಯ ಹಾಗೆ ಕೇಳಿತು. ಸಂತೋಷ ಎಂದರು!

ಆ ಟೇಪನ್ನಾದರೂ ಕೊಡಿ, ಊರವರಿಗೆ ಕೇಳಿಸುತ್ತೇನೆ ಎಂದೆ. ಟೇಪು ಎಲ್ಲಿದೆ? ಹೊಸ ಟೇಪು ಸಿಗುವುದು ಕಷ್ಟ, ಅಳಿಸಿ ಅದರ ಮೇಲೆ ರಸಗೊಬ್ಬರದ ಭಾಷಣ ತುಂಬಿದ್ದಾರಂತೆ. ಎಷ್ಟು ವರ್ಷವಾದರೂ ಉಳಿಯುತ್ತದೆ ಎಂದು ನಾನು ತಾಂಡೇಲರ ಅಂಗಳದಲ್ಲಿ ಕೂತು ಹೇಳಿದ ಧ್ವನಿ ಎರಡು ತಿಂಗಳು ಉಳಿಯಲಿಲ್ಲ. ನಾನು ಹೊರಬಂದು ಮೆಟ್ಟಿಲ ಮೇಲೆ ನಿಂತಿದ್ದಾಗ ಯಂತ್ರದವನು ಹಿಂದಿನಿಂದ ಬಂದ. ಬ್ಲೇಡಿನಿಂದ ಕತ್ತರಿಸಿದ ಚೂರುಗಳನ್ನು ಅವನು ಎಸೆಯದೆ ಮೊಳೆಗೆ ತೂಗುಹಾಕುತ್ತಿದ್ದ, ಎಲ್ಲಾದರೂ ಜೋಡಿಸಲು ಬೇಕಾದೀತು ಎಂದು. ನಿಮ್ಮ ತಾಂಡೇಲರದು ಇದು, ಮೇಲಿನವರು ಕತ್ತರಿಸು ಎಂದರು, ಕತ್ತರಿಸಿದೆ ಎಂದು ಒಂದು ಸುರುಳಿಯನ್ನು ನನ್ನ ಕೈಗೆ ಹಾಕಿ, ಮುಖ ನೋಡದೆ ಒಳಗೆ ಹೋದ.

ಅದನ್ನು ತಂದು ತಾಂಡೇಲರಿಗೆ ಕೊಟ್ಟೆ. ಅವರು ಸುರುಳಿ ಬಿಚ್ಚಿ, ಹಗ್ಗ ಅಳೆಯುವ ಹಾಗೆ ಎರಡೂ ಕೈ ಚಾಚಿ ಎದೆಯ ಮೇಲೆ ಹಾಯಿಸಿ ಅಳೆದರು. ಒಂದು, ಎರಡು, ಮೂರು.

"ಮೂರು ಮಾರು" ಎಂದರು. ಮತ್ತೆ ಸುತ್ತಿ ನನ್ನ ಅಂಗೈಯಲ್ಲಿ ಇಟ್ಟು, "ಇದು ನೀವೇ ಇಟ್ಕಣಿ, ಮಾಸ್ತರ್ರೆ" ಎಂದರು.

ತನ್ನ ಮಾತನ್ನು ಕಾಪಾಡುವವನು ನಾನೇ ಎಂದು ನಂಬಿ ಕೊಟ್ಟರು ಎಂದುಕೊಂಡೆ. ಆ ಅಭಿಮಾನದಲ್ಲೇ ನಾಲ್ಕು ಊರಿಗೆ ವರ್ಗವಾಗಿ, ನಿವೃತ್ತನಾಗಿ ಕುಮಟೆಯಲ್ಲಿ ಮನೆ ಕಟ್ಟಿದೆ. ಎಲ್ಲ ಕಡೆ ಡಬ್ಬಿ ನನ್ನ ಜೊತೆಗೇ ಬಂತು. ತಾಂಡೇಲರು ತೀರಿಕೊಂಡು ಎಷ್ಟೋ ಕಾಲವಾಯಿತು. ರಂಪಣಿ ಬಲೆಯೂ ಹೋಯಿತು. ನನ್ನ ಸಿಟ್ಟು ಮಾತ್ರ ಉಳಿಯಿತು, ಯಾರ ಮುಂದೆ ಬೇಕಾದರೂ ಬಿಚ್ಚಿ ತೋರಿಸಬಹುದಾದ ಸಿಟ್ಟು.

ಶಾಲಿನಿಗೆ ಈ ಕತೆಯನ್ನು ನೂರು ಸಲ ಹೇಳಿದ್ದೇನೆ, ಕಾರ್ಡಿನ ಸುದ್ದಿ ಬಿಟ್ಟು. ಹೋದ ವಾರ ಡಬ್ಬಿಯೊಳಗಿನ ಟೇಪು ನೋಡುತ್ತ, "ಹಾಗಾದ್ರೆ ಇದ್ರಲ್ಲಿ ಅವ್ರು ಎಂತ ಹೇಳಿದ್ರು ಅಂತ ನೀವು ಕೇಳ್ಲೇ ಇಲ್ವ?" ಎಂದಳು. ಕೇಳುವ ಯಂತ್ರ ನನಗೆಲ್ಲಿ ಸಿಗಬೇಕಿತ್ತು? ಅವಳೇ ಯಾರನ್ನೋ ವಿಚಾರಿಸಿ, ಭಟ್ಕಳದಲ್ಲಿ ಹಳೇ ರೇಡಿಯೊ, ಗ್ರಾಮೊಫೋನು ರಿಪೇರಿ ಮಾಡುವ ಜಾಫರ್ ಸಾಹೇಬರನ್ನು ಪತ್ತೆಹಚ್ಚಿದಳು. ಮೊನ್ನೆ ಹೋದೆವು. ಅವರು ಟೇಪನ್ನು ಮೂಸಿ ನೋಡಿ, ಇದು ಒಂದೇ ಸಲ ಓಡೀತು, ಆಮೇಲೆ ಪುಡಿಯಾಗುತ್ತದೆ, ಆದೀತೇ ಎಂದು ಕೇಳಿದರು. ಆದೀತು ಎಂದೆ. ತಮ್ಮ ಬಳಿ ಇದ್ದ ಖಾಲಿ ಟೇಪಿನ ತುಂಡುಗಳನ್ನು ಇದರ ಹಿಂದೆ ಮುಂದೆ ಅಂಟಿಸಿ, ಯಂತ್ರಕ್ಕೆ ಹಚ್ಚಿದರು.

ಮೊದಲು ಗಾಳಿ. ಆಮೇಲೆ ತೆರೆಯ ಸದ್ದು. ಆಮೇಲೆ ಒಂದು ಕೆಮ್ಮು.

"ನಾನು ಜಟ್ಟಿ ತಾಂಡೇಲ. ಇದು ಯಂತ್ರಕ್ಕೆ ಕೂಗೂದು. ಮೀನು ಬಂದಿಲ್ಲ, ಯಾರೂ ಓಡಿ ಬರೂದು ಬ್ಯಾಡ."

ಶಾಲಿನಿ ನನ್ನ ಕೈ ಹಿಡಿದುಕೊಂಡಳು. ಮುಗಿಯಿತು ಎಂದುಕೊಂಡೆ. ಚಕ್ರ ಇನ್ನೂ ತಿರುಗುತ್ತಿತ್ತು.

"ರೇಡಿಯೊದಲ್ಲಿ ಇದು ಬರೂ ದಿನ ನಮ್ಮ ಮಾಸ್ತರ್ರು ಮನೆಮನೆಗೆ ಬಂದು ಮೊದ್ಲೇ ಹೇಳ್ತ್ರು. ಹಾಂಗೆ ಮಾತು ಕೊಟ್ಟಿದ್ರು. ಅವ್ರು ಹೇಳದಿದ್ರೆ ಮೀನೇ ಅಂತ ತಿಳ್ಕಣಿ."

ಅಲ್ಲಿಗೆ ಬ್ಲೇಡು ಬಿದ್ದಿತ್ತು.

ಹಾಗೆ ಮಾತು ಕೊಟ್ಟದ್ದು ನನಗೆ ನೆನಪಿಲ್ಲ. ಕೊಟ್ಟಿರಲೇಬೇಕು, ಜಟ್ಟಿ ತಾಂಡೇಲರು ಇಲ್ಲದ್ದನ್ನು ಕೂಗುವವರಲ್ಲ. ಸಭೆಯಲ್ಲಿ ನಾನು ಎದ್ದು ಕೂಗಾಡಿದಾಗ ಅವರಿಗೆ ಇದು ಗೊತ್ತಿತ್ತು. ಟೇಪು ಅಳೆದು ನನ್ನ ಕೈಯಲ್ಲಿ ಇಟ್ಟಾಗಲೂ ಗೊತ್ತಿತ್ತು. ಅವರು ಒಂದು ಮಾತು ಹೇಳಿದ್ದರೆ ಅವರ ಕೂಗು ಅವರಿಗೆ ಉಳಿಯುತ್ತಿತ್ತೇನೋ, ನನಗೆ ಆ ಕೇರಿಯಲ್ಲಿ ಮುಖ ಉಳಿಯುತ್ತಿರಲಿಲ್ಲ. ಆ ಅಧಿಕಾರಿಯ ಮೇಲಿನ ನನ್ನ ಸಿಟ್ಟು ಇಂದಿಗೂ ಹೋಗಿಲ್ಲ, ಹೋಗುವುದೂ ಬೇಡ. ಆದರೆ ಅವನು ಕತ್ತರಿಸಿದ್ದು ಮೂರು ಮಾರು. ಒಂದು ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಉಳಿದದ್ದನ್ನೆಲ್ಲ ಕತ್ತರಿಸಿದವನು ನಾನು.

ಭಟ್ಕಳದಿಂದ ವಾಪಸು ಬರುವಾಗ ಬಸ್ಸಿನಲ್ಲೇ ಶಾಲಿನಿಗೆ ಕಾರ್ಡಿನ ಸುದ್ದಿ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಮಾವಳ್ಳಿ ಬಂದಾಗ ನಾನು ಇಳಿಯಬೇಕು ಎಂದೆ. ಅವಳೂ ಇಳಿದಳು. ತಾಂಡೇಲರ ಮನೆಯಲ್ಲಿ ಈಗ ಅವರ ಮೊಮ್ಮಗಳಿದ್ದಾಳೆ, ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಯಾರು ಬೇಕಿತ್ತು ಎಂದು ಕೇಳಿದಳು. ನಾನು ಇಲ್ಲಿ ಮಾಸ್ತರನಾಗಿದ್ದವನು, ನಿಮಗೆಲ್ಲ ಒಂದು ವಿಷಯ ಹೇಳುವುದಿತ್ತು, ತಡವಾಯಿತು ಎಂದೆ. ಅವಳು ಕೇಳಿ ಮುಗಿಸಿದ ಮೇಲೆ ಅಲ್ಲಿಂದ ಎದ್ದು ಪಕ್ಕದ ಮನೆಗೆ ಹೋದೆ, ಅಲ್ಲಿಂದ ಅದರ ಪಕ್ಕದ ಮನೆಗೆ.